ಎಲ್ಲಕ್ಕೂ ‘ಹೊದಿಕೆ’ ಎಂದರೆ ಸಾಕೆ? ಇಂಗ್ಲಿಷಿನ ಹಳೆಯ ಮುಚ್ಚಿಗೆ-ಮುಸುಕುಗಳ ಪದಗಳಿಗೆ ಸಲಹೆ ಬೇಕು

ಅಕ್ಷರಜೀವಿ:
ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗೃಹಜೀವನವನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮನೆಸಾಮಾನಿನ ಹರಾಜು ಪಟ್ಟಿಯೊಂದು ಬರುತ್ತದೆ. ಆಂಟಿಮೆಕಾಸರ್, ಕೌಂಟರ್‌ಪೇನ್, ಪಾಲಂಪೋರ್, ಟಿಕ್, ಕ್ಯಾನೊಪಿ, ಡ್ರಗೆಟ್ ಎಂಬ ವಸ್ತುಗಳು ಒಂದರ ಹಿಂದೊಂದು ಬರುತ್ತವೆ, ಮತ್ತು ಇವೆಲ್ಲವೂ ಏನನ್ನಾದರೂ ಮುಚ್ಚುವ ವಸ್ತುಗಳೇ. ನನ್ನ ಬಳಿಯಿರುವ ನಿಘಂಟು ಮೊದಲನೆಯದಕ್ಕೆ ‘ಕುರ್ಚಿಯ ಹೊದಿಕೆ’ ಎನ್ನುತ್ತದೆ, ಎರಡನೆಯದಕ್ಕೆ ‘ಹಾಸಿಗೆಯ ಹೊದಿಕೆ’ ಎನ್ನುತ್ತದೆ, ಮೂರನೆಯದಕ್ಕೆ ಮತ್ತೆ ‘ಹಾಸಿಗೆಯ ಹೊದಿಕೆ’ ಎನ್ನುತ್ತದೆ. ಹೀಗೆಯೇ ಬರೆದರೆ ಪಟ್ಟಿಯಲ್ಲಿ ಆರು ಸಾಮಾನು ಇದ್ದುವೆಂಬುದೇ ಓದುಗರಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆ, ಅಥವಾ ಒಂದೊಂದಕ್ಕೂ ತಕ್ಕ ಕನ್ನಡ ಪದ ಹುಡುಕಬಹುದೆ? ಇದೇ ಜಾತಿಯ ಬೇರೆ ಹಳೆಯ ಪದಗಳು ನಿಮಗೆ ಗೊತ್ತಿದ್ದರೆ ಅವನ್ನೂ ದಯವಿಟ್ಟು ಹೇಳಿ.

ಧಾರವಾಡದ ಮಳಿ:
ಹಾಗೆಯೇ ಉಳಿಸಿ, ಅಡಿಟಿಪ್ಪಣಿ ಕೊಡಿ. ಇಷ್ಟಕ್ಕೆಲ್ಲ ಚರ್ಚೆ ಏಕೆ ಬೇಕು?

ಹಳೆಹೊತ್ತಿಗೆ:
ಚರ್ಚೆ ಬೇಕು, ಏಕೆಂದರೆ ಇವುಗಳಲ್ಲಿ ಕೆಲವು ಪದಗಳು ವಸ್ತುವಿನ ಜೊತೆಗೆ ಅದರ ಕಾರಣವನ್ನೂ ಹೇಳುತ್ತವೆ, ಅನುವಾದದಲ್ಲಿ ಆ ಕಾರಣ ಕಳೆದುಹೋಗಬಾರದು. ಆಂಟಿಮೆಕಾಸರ್ ಎಂಬುದನ್ನೇ ನೋಡಿ. ಲಂಡನ್ನಿನ ರೋಲೆಂಡ್ ಎಂಬ ಕ್ಷೌರಿಕರ ಮನೆತನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೆಕಾಸರ್ ಎಣ್ಣೆ ಎಂಬ ತಲೆಗೂದಲಿನ ಎಣ್ಣೆಯನ್ನು ಭಾರಿ ಜಾಹೀರಾತು ಮಾಡಿ ಮಾರುತ್ತಿತ್ತು. ಇಂದಿನ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮಕಾಸ್ಸರ್ ಬಂದರಿನ ಹೆಸರನ್ನು ಅದಕ್ಕೆ ಇಟ್ಟಿದ್ದರು. ಕವಿ ಬೈರನ್ 1819ರಲ್ಲಿ ಪ್ರಕಟಿಸಿದ ಕಾವ್ಯದಲ್ಲಿ ಈ ಎಣ್ಣೆಯನ್ನು ಹೆಸರಿಟ್ಟು ಗೇಲಿ ಮಾಡುವಷ್ಟು ಅದು ಮನೆಮಾತಾಗಿತ್ತು. ಗಂಡಸರು ತಲೆಗೆ ಎಣ್ಣೆ ಮೆತ್ತಿಕೊಂಡು ಬಂದು ಮೆತ್ತನೆಯ ಕುರ್ಚಿಗೆ ಒರಗಿದರೆ ಬೆಲೆಬಾಳುವ ಬಟ್ಟೆಯ ಮೇಲೆ ಜಿಡ್ಡಿನ ಕಲೆ ಉಳಿಯುತ್ತಿತ್ತು. ಅದನ್ನು ತಡೆಯಲು ಗೃಹಿಣಿಯರು ಕುರ್ಚಿಯ ಬೆನ್ನಿಗೆ ಹೊದಿಸಿದ ಕಸೂತಿಯ ತುಂಡಿಗೆ ‘ಮೆಕಾಸರ್ ವಿರೋಧಿ’ ಎಂದು ಹೆಸರಾಯಿತು. ಶತಮಾನದ ನಡುಭಾಗದಿಂದ ಈ ಪದ ಬಳಕೆಗೆ ಬಂದಿದೆ. ಎಣ್ಣೆ ಮಾಯವಾದ ಮೇಲೂ ಹೆಸರು ಉಳಿಯಿತು. ರೈಲು ಮತ್ತು ವಿಮಾನಗಳ ಆಸನದ ತಲೆಭಾಗಕ್ಕೆ ಹಾಕುವ ಬಟ್ಟೆಯನ್ನು ಆ ಉದ್ಯಮದವರು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ನಮ್ಮ ಕಾಡಿನ ಸಾಗಡೆ ಮರದ ಬೀಜದ ಎಣ್ಣೆಗೂ ವ್ಯಾಪಾರದಲ್ಲಿ ಮೆಕಾಸರ್ ಎಣ್ಣೆ ಎಂಬ ಹೆಸರಿದೆ ಎಂಬುದು ಕೊಸರು.

ಕಡತಯಜ್ಞ:
ಹಾಗಾದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಕುರ್ಚಿಯ ಬೆನ್ನಿಗೆ ಹಾಕುವ ಬಿಳಿ ಟರ್ಕಿ ಟವೆಲ್ ಅದರ ನೇರ ವಾರಸುದಾರ. ‘ಕುರ್ಚಿ ಟವೆಲ್’ ಎಂದು ಅನುವಾದಿಸಿದರೆ ಕರ್ನಾಟಕದ ಯಾವ ಓದುಗನಿಗೂ ಕ್ಷಣದಲ್ಲಿ ಅರ್ಥವಾಗುತ್ತದೆ.

ಹಳೆಹೊತ್ತಿಗೆ:
ಅರ್ಥವಾಗುತ್ತದೆ, ಆದರೆ ಬೇರೆಯದೇ ಅರ್ಥವಾಗುತ್ತದೆ. ನಮ್ಮ ಟವೆಲ್ ದರ್ಜೆಯ ಗುರುತು. ಗುಮಾಸ್ತರ ತಲೆಗೂ ಎಣ್ಣೆ ಇರುತ್ತದೆ, ಅವರ ಕುರ್ಚಿಗೆ ಮಾತ್ರ ಟವೆಲ್ ಇರುವುದಿಲ್ಲ. ಇಂಗ್ಲಿಷರ ಮನೆಯಲ್ಲಿ ಅದು ಕುರ್ಚಿಯನ್ನು ಕಾಪಾಡುವ ಸಾಧನವಾಗಿತ್ತು, ಕುಳಿತವನ ಗೌರವಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಮಧ್ಯಾಹ್ನದ ಕಾಫಿ:
ವಿಕ್ಟೋರಿಯಾ ಕಾಲದ ಇಂಗ್ಲಿಷರಿಗೆ ಮುಚ್ಚುವ ಹುಚ್ಚು ಎಷ್ಟಿತ್ತೆಂದರೆ, ಕಾಲು ಕಾಣುವುದು ಅಸಭ್ಯವೆಂದು ಪಿಯಾನೊದ ಕಾಲುಗಳಿಗೂ ಬಟ್ಟೆ ತೊಡಿಸುತ್ತಿದ್ದರು. ಆ ಮನೋಭಾವದ ಹಿನ್ನೆಲೆಯಲ್ಲಿಯೇ ಈ ಪದಗಳನ್ನು ನೋಡಬೇಕು ಎಂದು ನನ್ನ ಅಭಿಪ್ರಾಯ.

ಅಬರ್ಡೀನ್ ಅಯ್ಯಂಗಾರ್:
ಕಾಫಿಯವರೇ, ಆ ಕಥೆಯನ್ನು ಎಷ್ಟು ಸಲ ಕೇಳಿದರೂ ಅದು ಇಂಗ್ಲಿಷ್ ಮನೆಗಳಿಗೆ ಸಲ್ಲುವುದಿಲ್ಲ. ಅದರ ಮೂಲ ಫ್ರೆಡರಿಕ್ ಮ್ಯಾರಿಯಟ್ ಎಂಬ ಇಂಗ್ಲಿಷ್ ನೌಕಾಧಿಕಾರಿ 1839ರಲ್ಲಿ ಪ್ರಕಟಿಸಿದ ಅಮೆರಿಕ ಪ್ರವಾಸದ ಬರಹ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿಯಾನೊದ ನಾಲ್ಕು ಕಾಲುಗಳಿಗೂ ಜಾಲರಿಯ ಪುಟ್ಟ ಷರಾಯಿ ತೊಡಿಸಿದ್ದರೆಂದು ಆತ ಅಮೆರಿಕನ್ನರನ್ನು ಹಾಸ್ಯ ಮಾಡಿದ. ಇಂಗ್ಲಿಷರು ಅಮೆರಿಕನ್ನರ ಬಗ್ಗೆ ಹೇಳಿ ನಕ್ಕ ಕಥೆಯನ್ನು ಮುಂದಿನ ತಲೆಮಾರಿನವರು ಇಂಗ್ಲಿಷರ ತಲೆಗೇ ಕಟ್ಟಿದರು. ಪೀಠೋಪಕರಣಗಳಿಗೆ ಬಟ್ಟೆ ಹೊದಿಸುತ್ತಿದ್ದುದು ನಿಜ, ಅದಕ್ಕೆ ಕಾರಣ ಕಲ್ಲಿದ್ದಲಿನ ಮಸಿ, ಧೂಳು ಮತ್ತು ಬಿಸಿಲು.

ನಾನಿರುವ ಸ್ಕಾಟ್ಲೆಂಡಿನ ಈ ಭಾಗದಲ್ಲಿ ಇನ್ನೊಂದು ಸೊಗಸಾದ ಪದ ಉಳಿದಿದೆ. ‘ಹ್ಯಾಪ್’ ಎಂದರೆ ಬೆಚ್ಚಗೆ ಹೊದಿಸು ಎಂದರ್ಥ. ನಮ್ಮ ಪಕ್ಕದ ಮನೆಯ ಅಜ್ಜಿ ಚಳಿಗಾಲದಲ್ಲಿ ಮಗುವನ್ನು ಹೊರಗೆ ಕರೆದೊಯ್ಯುವಾಗಲೆಲ್ಲ ಚೆನ್ನಾಗಿ ‘ಹ್ಯಾಪ್’ ಮಾಡಿ ಎಂದು ಎಚ್ಚರಿಸುತ್ತಾರೆ. ಷೆಟ್ಲೆಂಡ್ ದ್ವೀಪಗಳಲ್ಲಿ ದಿನಬಳಕೆಗೆ ಹೆಣೆಯುವ ಉಣ್ಣೆಯ ಶಾಲಿಗೂ ‘ಹ್ಯಾಪ್’ ಎಂದೇ ಹೆಸರು. ಲಂಡನ್ನಿನ ಇಂಗ್ಲಿಷಿನಲ್ಲಿ ಇದನ್ನು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನದ ಕಾಫಿ:
ಮಸಿಗೋ ಮರ್ಯಾದೆಗೋ, ಒಟ್ಟಿನಲ್ಲಿ ಮುಚ್ಚಿದ್ದಂತೂ ಹೌದಲ್ಲ!

ಪದಪಂಕ್ತಿ:
ಹಳೆಯ ಪದಗಳು ಬೇಕೆಂದು ಕೇಳಿದ್ದೀರಿ. ನಾವು ದಿನವೂ ಬಳಸುವ ಎರಡು ಪದಗಳಲ್ಲಿಯೇ ಮುಚ್ಚುವ ಕ್ರಿಯೆ ಅಡಗಿದೆ. ‘ಕರ್ಫ್ಯೂ’ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಅಕ್ಷರಾರ್ಥ ‘ಬೆಂಕಿಯನ್ನು ಮುಚ್ಚು’. ಮಧ್ಯಯುಗದ ಊರುಗಳಲ್ಲಿ ರಾತ್ರಿ ಸುಮಾರು ಎಂಟು ಗಂಟೆಗೆ ಘಂಟೆ ಬಾರಿಸುತ್ತಿದ್ದರು; ಅದನ್ನು ಕೇಳಿದವರು ಒಲೆಯ ಕೆಂಡವನ್ನು ಒಂದೆಡೆ ಗುಡ್ಡೆ ಮಾಡಿ ಮುಚ್ಚಿ ಮಲಗಬೇಕಿತ್ತು. ಹಾಗೆ ಮುಚ್ಚಲು ಬಳಸುತ್ತಿದ್ದ, ಹಿಡಿಯುಳ್ಳ ಅರೆಗೋಳಾಕಾರದ ತಾಮ್ರದ ಅಥವಾ ಮಣ್ಣಿನ ಮುಚ್ಚಳಕ್ಕೂ ಕರ್ಫ್ಯೂ ಎಂದೇ ಹೆಸರು. ಅದರೊಳಗೆ ಬೆಳಗಿನವರೆಗೆ ಕೆಂಡ ಆರದೆ ಉಳಿಯುತ್ತಿತ್ತು, ಕಿಡಿ ಮಾತ್ರ ಹೊರಗೆ ಹಾರುತ್ತಿರಲಿಲ್ಲ. ನಮ್ಮ ಪತ್ರಿಕೆಗಳು ಗಲಭೆಯ ವರದಿಯಲ್ಲಿ ‘ಪಟ್ಟಣ ಬೂದಿ ಮುಚ್ಚಿದ ಕೆಂಡದಂತಿದೆ, ಕರ್ಫ್ಯೂ ಜಾರಿಯಾಗಿದೆ’ ಎಂದು ಬರೆಯುವಾಗ ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳುತ್ತಿರುತ್ತವೆ, ಬಹುಶಃ ಅವರಿಗೂ ತಿಳಿಯದೆ.

ಎರಡನೆಯದು ‘ಕರ್ಚೀಫು’. ಇದೂ ಫ್ರೆಂಚಿನದೇ, ‘ತಲೆಯನ್ನು ಮುಚ್ಚು’ ಎಂದರ್ಥ. ಮೊದಲು ಅದು ಹೆಂಗಸರ ತಲೆವಸ್ತ್ರ. ಹದಿನಾರನೆಯ ಶತಮಾನದಲ್ಲಿ ಕೈಯಲ್ಲಿ ಹಿಡಿಯುವ ಚೌಕಕ್ಕೂ ಅದೇ ಹೆಸರು ಬೇಕಾಗಿ, ಮುಂದೆ ‘ಹ್ಯಾಂಡ್’ ಸೇರಿಸಿ ‘ಹ್ಯಾಂಡ್‌ಕರ್ಚೀಫ್’ ಮಾಡಿದರು. ಅಂದರೆ ಕೈಯ ತಲೆಮುಸುಕು! ಆಮೇಲೆ ‘ಪಾಕೆಟ್’ ಎಂದೂ ಸೇರಿಸಿ ಜೇಬಿನ ಕೈಯ ತಲೆಮುಸುಕನ್ನಾಗಿ ಮಾಡಿದರು. ನಾವು ಕನ್ನಡಿಗರು ಅದರ ಕೈಯನ್ನು ಕತ್ತರಿಸಿ ಮತ್ತೆ ಬರಿಯ ಕರ್ಚೀಫು ಎನ್ನುತ್ತೇವೆ, ಮೂಗು ಒರೆಸುತ್ತೇವೆ. ಇಂಗ್ಲಿಷರ ಎದುರು ಹಾಗೆಂದರೆ ಅವರು ತಲೆಗೆ ಕಟ್ಟುವ ಬಟ್ಟೆಯೆಂದೇ ತಿಳಿಯುತ್ತಾರೆ.

ಬಸವನಗುಡಿ ಬಿಸಿಲು:
ಬೆಂಕಿಯ ಭಯ ಎಂಬುದು ನೆಪ ಮಾತ್ರ. ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ, ಸೋತ ಇಂಗ್ಲಿಷರು ರಾತ್ರಿ ಸೇರಿ ಸಂಚು ಮಾಡಬಾರದೆಂದು ಕರ್ಫ್ಯೂ ಹೇರಿದ ಎಂದು ನಮಗೆ ಶಾಲೆಯಲ್ಲಿಯೇ ಕಲಿಸಿದ್ದಾರೆ. ಇಂದಿನ ಅರ್ಥವೇ ಮೂಲ ಅರ್ಥ.

ಪದಪಂಕ್ತಿ:
ಬಿಸಿಲು ಅವರೇ, ವಿಲಿಯಂನ ಹೆಸರು ಈ ಪದ್ಧತಿಗೆ ಅಂಟಿಕೊಂಡಿರುವುದು ನಿಜ. ಆದರೆ ರಾತ್ರಿ ಘಂಟೆ ಬಾರಿಸಿ ಬೆಂಕಿ ಮುಚ್ಚಿಸುವುದು ಯುರೋಪಿನ ಹಲವು ಕಡೆ ಇದ್ದ ಪದ್ಧತಿ, ಒಬ್ಬ ದೊರೆಯ ಸಂಶಯದಿಂದ ಹುಟ್ಟಿದ್ದಲ್ಲ. ಮರದ ಗೋಡೆ, ಹುಲ್ಲಿನ ಮಾಡು, ನಡುಮನೆಯಲ್ಲಿ ತೆರೆದ ಒಲೆ ಇರುವ ಊರಿನಲ್ಲಿ ಬೆಂಕಿಯ ಭಯವನ್ನು ನೆಪ ಎನ್ನುವುದು ಹೇಗೆ? ಲಂಡನ್ನಿನಲ್ಲಿ 1212ರ ದೊಡ್ಡ ಬೆಂಕಿಯ ನಂತರ ಹುಲ್ಲಿನ ಮಾಡನ್ನು ನಿಷೇಧಿಸಿ ಅಪ್ಪಣೆ ಹೊರಟಿತು. ಅದನ್ನು ಎಲ್ಲರೂ ಪಾಲಿಸಲಿಲ್ಲ. ನಗರದ ಎಲ್ಲೆಯಾಚೆ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿದ್ದ ಗ್ಲೋಬ್ ನಾಟಕಶಾಲೆಗೆ ಹುಲ್ಲಿನ ಮಾಡೇ ಇತ್ತು. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ತಗುಲಿ ಅದು ಪೂರ್ತಿ ಸುಟ್ಟುಹೋಯಿತು. 1997ರಲ್ಲಿ ತೆರೆದ ಹೊಸ ಗ್ಲೋಬಿಗೆ ಹುಲ್ಲು ಹೊದೆಸಲು ವಿಶೇಷ ಅನುಮತಿ ಪಡೆಯಬೇಕಾಯಿತು, ಮಾಡಿನ ಮೇಲೆ ನೀರು ಚಿಮ್ಮಿಸುವ ಕೊಳವೆಗಳನ್ನೂ ಇಡಬೇಕಾಯಿತು.

ಧಾತುಮೂಲ:
ಹುಲ್ಲಿನ ಮಾಡಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ವಿಷಯದ ಅತ್ಯಂತ ಶ್ರೀಮಂತ ಕುಟುಂಬ ಅಲ್ಲಿಯೇ ಇದೆ. ಹುಲ್ಲಿನ ಮಾಡಿಗೆ ಇಂಗ್ಲಿಷಿನಲ್ಲಿ ‘ಥ್ಯಾಚ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಬರಿಯ ‘ಮುಚ್ಚು’ ಎಂದಷ್ಟೇ ಅರ್ಥವಿತ್ತು. ಭಾಷಾವಿಜ್ಞಾನಿಗಳು ಪುನಾರಚಿಸಿರುವ ಇಂಡೋ-ಯುರೋಪಿಯನ್ ಮೂಲರೂಪ ‘ತೆಗ್’ ಅಥವಾ ‘ಸ್ತೆಗ್’. ಅದರಿಂದ ಲ್ಯಾಟಿನ್ನಿನಲ್ಲಿ ಮುಚ್ಚು ಎಂಬ ಅರ್ಥದ ‘ತೆಗೆರೆ’ ಹುಟ್ಟಿತು. ರೋಮನ್ನರ ಹೊದೆಯುವ ವಸ್ತ್ರ ‘ಟೋಗಾ’, ಹೆಂಚಿಗೆ ಹೇಳುವ ‘ಟೈಲ್’, ಮುಂದೆ ನಿಂತು ಮುಚ್ಚು ಎಂಬ ಅರ್ಥದ ‘ಪ್ರೊಟೆಕ್ಟ್’, ಮುಚ್ಚಿದ್ದನ್ನು ತೆಗೆ ಎಂಬ ಅರ್ಥದ ‘ಡಿಟೆಕ್ಟ್’ ಎಲ್ಲವೂ ಅದರ ಮಕ್ಕಳು. ಲಂಡನ್ ಪೊಲೀಸರು 1842ರಲ್ಲಿ ಪತ್ತೇದಾರರ ಪ್ರತ್ಯೇಕ ವಿಭಾಗವನ್ನು ತೆರೆದಾಗ ‘ಡಿಟೆಕ್ಟಿವ್’ ಎಂಬ ಪದ ಜನರ ಬಾಯಿಗೆ ಬಂತು. ಮೂಲಾರ್ಥದಲ್ಲಿ ಅವನು ಮಾಡು ಕಿತ್ತು ಒಳಗೆ ಇಣುಕುವವನು. ಹಡಗಿನ ‘ಡೆಕ್’ ಡಚ್ಚರಿಂದ ಬಂದದ್ದು. ಮೊದಲು ಅದು ತಲೆಯ ಮೇಲಿನ ಮುಚ್ಚಿಗೆ, ಆಮೇಲೆ ಅದರ ಮೇಲೆಯೇ ಜನ ನಡೆದಾಡತೊಡಗಿ ಕಾಲ ಕೆಳಗಿನ ನೆಲವಾಯಿತು.

ಗ್ರೀಕಿನಲ್ಲಿ ಅದೇ ಮೂಲ ‘ಸ್ತೆಗೊ’ ಆಗಿ ‘ಸ್ಟೆಗನೋಗ್ರಫಿ’ಯಲ್ಲಿ, ಅಂದರೆ ಮರೆಮಾಚಿದ ಬರಹದಲ್ಲಿ ಉಳಿದಿದೆ. ಅಮೆರಿಕದ ಪ್ರಾಗ್ಜೀವಿ ವಿಜ್ಞಾನಿ ಓಥ್ನಿಯಲ್ ಮಾರ್ಷ್ 1877ರಲ್ಲಿ ಒಂದು ಡೈನೊಸಾರಿಗೆ ‘ಸ್ಟೆಗೊಸಾರಸ್’ ಎಂದು ಹೆಸರಿಟ್ಟ. ಅದರ ಬೆನ್ನಿನ ದೊಡ್ಡ ಫಲಕಗಳು ಹೆಂಚಿನಂತೆ ಮಲಗಿ ಬೆನ್ನನ್ನು ಮುಚ್ಚಿದ್ದವೆಂದು ಅವನು ಆಗ ಭಾವಿಸಿದ್ದ. ಆ ಫಲಕಗಳು ನೆಟ್ಟಗೆ ನಿಂತಿದ್ದವೆಂದು ಆಮೇಲೆ ಗೊತ್ತಾಯಿತು, ಮಾಡಿನ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ಸಂಸ್ಕೃತದ ‘ಸ್ಥಗ್’ ಧಾತುವಿಗೂ ಮುಚ್ಚು, ಮರೆಮಾಡು ಎಂಬುದೇ ಅರ್ಥ. ‘ಕಾಮಗಾರಿ ಸ್ಥಗಿತ’ ಎಂದು ನಾವು ಬರೆಯುವ ಪದಕ್ಕೆ ಸಂಸ್ಕೃತದಲ್ಲಿ ಮುಚ್ಚಲ್ಪಟ್ಟದ್ದು ಎಂಬುದು ಮೊದಲ ಅರ್ಥ, ನಿಂತುಹೋದದ್ದು ಎಂಬುದು ಆಮೇಲಿನದು. ನಿಜಸ್ವರೂಪವನ್ನು ಮುಚ್ಚಿಟ್ಟು ಮೋಸ ಮಾಡುವವನು ‘ಸ್ಥಗ’. ಅವನೇ ಹಿಂದಿಯ ‘ಠಗ್’, ಇಂಗ್ಲಿಷಿನ ‘ಥಗ್’. ಇಂಗ್ಲೆಂಡಿನಲ್ಲಿ ಆ ಪದವನ್ನು ಮನೆಮಾತು ಮಾಡಿದವರಲ್ಲಿ ಮುಖ್ಯನಾದವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. 1839ರಲ್ಲಿ ಅವನ ಠಗ್ಗರ ಕಾದಂಬರಿ ಬಂತು, ಅದಾದ ಕೆಲವೇ ವರ್ಷಗಳಲ್ಲಿ ಅವನು ನಮ್ಮ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ. ಠಗ್ಗನೂ ಅವನನ್ನು ಹಿಡಿಯುವ ಪತ್ತೇದಾರನೂ ಒಂದೇ ಧಾತುವಿನ ಮಕ್ಕಳು ಎಂಬುದನ್ನು ಬಿಟ್ಟರೆ ನನಗೆ ಈ ಕುಟುಂಬದಲ್ಲಿ ಹೆಚ್ಚು ಇಷ್ಟವಾದದ್ದು ಬೇರೊಂದಿಲ್ಲ.

ಬಸವನಗುಡಿ ಬಿಸಿಲು:
ಅಂದರೆ ಇಂಗ್ಲಿಷಿನ ಥ್ಯಾಚ್ ಕೂಡ ಸಂಸ್ಕೃತದಿಂದಲೇ ಹೋದದ್ದು ಎಂದಾಯಿತು.

ಧಾತುಮೂಲ:
ಹಾಗೆ ಆಗುವುದಿಲ್ಲ. ಸಂಸ್ಕೃತದಿಂದ ಹಿಂದಿಯ ಮೂಲಕ ಇಂಗ್ಲಿಷಿಗೆ ಹೋದದ್ದು ‘ಥಗ್’ ಒಂದೇ. ಥ್ಯಾಚ್, ಟೈಲ್, ಸ್ಥಗಿತ ಇವು ಒಬ್ಬರಿಂದೊಬ್ಬರು ಪಡೆದ ಪದಗಳಲ್ಲ, ಒಬ್ಬ ಪೂರ್ವಜೆಯ ಬೇರೆ ಬೇರೆ ಮನೆಗಳ ಮೊಮ್ಮಕ್ಕಳು. ಸಾಲಕ್ಕೂ ರಕ್ತಸಂಬಂಧಕ್ಕೂ ಇರುವ ವ್ಯತ್ಯಾಸ ಈ ಚರ್ಚೆಗಳಲ್ಲಿ ಪದೇ ಪದೇ ಕಳೆದುಹೋಗುತ್ತದೆ.

ಕುಡ್ಲದ ಹೆಂಚು:
ಟೈಲ್ ಎಂದಾಗ ಸುಮ್ಮನಿರಲಾಗುವುದಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸುವವರೆಗೆ ನಮ್ಮ ಕಡೆ ಬಹುಪಾಲು ಮನೆಗಳು ಮುಳಿಹುಲ್ಲಿನವು ಅಥವಾ ಮಡಲಿನವು, ಘಟ್ಟದ ಮೇಲೆ ಅಡಿಕೆ ಸೋಗೆಯವು. ಗಮನಿಸಬೇಕಾದ ವಿಷಯವೆಂದರೆ ಅದಕ್ಕೆ ನಾವು ‘ಮನೆ ಹೊದೆಸುವುದು’ ಎಂದೇ ಹೇಳುತ್ತಿದ್ದೆವು. ಮಳೆಗಾಲಕ್ಕೆ ಮೊದಲು ಮನೆ ಹೊದೆಸಬೇಕು, ಚಳಿಗೆ ಮೈ ಹೊದೆಯಬೇಕು. ಎರಡಕ್ಕೂ ಒಂದೇ ಕ್ರಿಯಾಪದ. ಥ್ಯಾಚ್ ಮತ್ತು ಟೋಗಾ ಒಂದೇ ಮೂಲದವೆಂದು ಕೇಳಿ ಇಂಗ್ಲಿಷರು ಅಚ್ಚರಿಪಡಬಹುದು, ನಮಗೆ ಅದರಲ್ಲಿ ಅಚ್ಚರಿಯಿಲ್ಲ. ಹಾಗಾಗಿ ‘ಹೊದಿಕೆ’ ಬಡ ಪದವೆಂಬ ಭಾವನೆಯಿಂದ ಈ ಚರ್ಚೆ ಆರಂಭವಾದದ್ದಕ್ಕೆ ನನ್ನ ಆಕ್ಷೇಪವಿದೆ.

ಅಬರ್ಡೀನ್ ಅಯ್ಯಂಗಾರ್:
ಮಾಡು ಹೊದೆಸುವವರ ಕಸುಬು ಇಲ್ಲಿನ ಮನೆತನದ ಹೆಸರುಗಳಲ್ಲಿ ಉಳಿದಿದೆ. ಥ್ಯಾಚರ್ ಎಂದರೆ ಹುಲ್ಲು ಹೊದೆಸುವವರು, ಟೈಲರ್ ಎಂದರೆ ಹೆಂಚು ಹೊದೆಸುವವರು, ಸ್ಲೇಟರ್ ಎಂದರೆ ಕಲ್ಲುಹಲಗೆ ಹೊದೆಸುವವರು. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಹೆಲಿಯರ್, ಹಿಲಿಯರ್ ಎಂಬ ಹೆಸರುಗಳಿವೆ. ಅವು ಮುಚ್ಚು ಎಂಬ ಅರ್ಥದ ‘ಹೀಲ್’ ಎಂಬ ಹಳೆಯ ಕ್ರಿಯಾಪದದಿಂದ ಬಂದವು. ಆ ಕ್ರಿಯಾಪದ ತೋಟಗಾರರ ಬಾಯಲ್ಲಿ ಇಂದಿಗೂ ಬದುಕಿದೆ. ಕಿತ್ತು ತಂದ ಸಸಿಯನ್ನು ಕೂಡಲೇ ನೆಡಲಾಗದಿದ್ದರೆ ಬೇರಿನ ಮೇಲೆ ಮಣ್ಣು ಮುಚ್ಚಿ ಇಡುವುದಕ್ಕೆ ‘ಹೀಲ್ ಇನ್’ ಎನ್ನುತ್ತಾರೆ. ಹೆಚ್ಚಿನವರು ಅದನ್ನು ಹಿಮ್ಮಡಿಯಿಂದ ತುಳಿಯುವುದು ಎಂದು ತಿಳಿದಿದ್ದಾರೆ, ಬೂಟಿನಿಂದ ಒತ್ತುತ್ತಾರೆ ಕೂಡ.

ಗಿಡಮರದ ಗೆಳತಿ:
ಆ ‘ಹೀಲ್’ ಪದದ ಬಳಗವೂ ಚಿಕ್ಕದಲ್ಲ. ಮುಚ್ಚು, ಮರೆಮಾಡು ಎಂಬ ಅರ್ಥದ ‘ಕೆಲ್’ ಎಂಬ ಮೂಲದಿಂದ ನರಕಕ್ಕೆ ಹೇಳುವ ‘ಹೆಲ್’, ತಲೆಯ ‘ಹೆಲ್ಮೆಟ್’, ಕಾಳಿನ ಸಿಪ್ಪೆಯಾದ ‘ಹಲ್’, ಬಚ್ಚಿಡುವ ‘ಕನ್ಸೀಲ್’ ಎಲ್ಲವೂ ಬಂದಿವೆ. ಬೈಕ್ ಸವಾರರು ಹೆಲ್ಮೆಟ್ ಇಲ್ಲದೆ ಹೆಲ್ ಸೇರುತ್ತಾರೆ ಎಂಬ ಹಾಸ್ಯವನ್ನು ಬೇರೆ ಯಾರಾದರೂ ಮಾಡುವ ಮೊದಲು ನಾನೇ ಮಾಡಿ ಮುಗಿಸುತ್ತೇನೆ. ಗ್ರೀಕಿನಲ್ಲಿ ಇದೇ ಮೂಲ ‘ಕಲಿಪ್ತೊ’ ಆಗುತ್ತದೆ. ಪ್ರಳಯಕ್ಕೆ ಹೇಳುವ ‘ಅಪೊಕಲಿಪ್ಸ್’ ಎಂಬುದಕ್ಕೆ ಮೂಲದಲ್ಲಿ ಮುಸುಕು ತೆಗೆಯುವುದು ಎಂದಷ್ಟೇ ಅರ್ಥ.

ನನಗೆ ಪ್ರಿಯವಾದದ್ದು ‘ಯೂಕಲಿಪ್ಟಸ್’. ‘ಚೆನ್ನಾಗಿ ಮುಚ್ಚಿದ್ದು’ ಎಂಬ ಅರ್ಥದ ಈ ಹೆಸರನ್ನು 1788ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಲೆರಿಟಿಯೆ ಇಟ್ಟ. ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಮೂರನೆಯ ಯಾನದಲ್ಲಿ, 1777ರಲ್ಲಿ, ಟಾಸ್ಮೇನಿಯಾದಿಂದ ತಂದ ಒಣಗಿದ ಮಾದರಿಯನ್ನು ನೋಡಿ ಇಟ್ಟ ಹೆಸರು ಅದು. ಅದರ ಮೊಗ್ಗನ್ನು ಗಮನಿಸಿದ್ದೀರಾ? ದಳಗಳು ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಒಂದಕ್ಕೊಂದು ಕೂಡಿ ಗಟ್ಟಿಯಾದ ಟೊಪ್ಪಿಯಾಗಿರುತ್ತವೆ. ಹೂ ಅರಳುವಾಗ ಆ ಟೊಪ್ಪಿ ಇಡಿಯಾಗಿ ಕಳಚಿ ಬಿದ್ದು ಒಳಗಿನ ಕೇಸರಗಳು ಹೊರಚಾಚುತ್ತವೆ. ಸಸ್ಯವಿಜ್ಞಾನದಲ್ಲಿ ಆ ಟೊಪ್ಪಿಗೆ ‘ಅಪರ್ಕ್ಯುಲಮ್’ ಎನ್ನುತ್ತಾರೆ, ಅದೂ ಲ್ಯಾಟಿನ್ನಿನಲ್ಲಿ ಪುಟ್ಟ ಮುಚ್ಚಳ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟದಲ್ಲಿ ಈ ಮರವನ್ನು ನೆಟ್ಟರೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನಾವು ಅದನ್ನು ನೀಲಗಿರಿ ಮರ ಎಂದು ಕರೆದೆವು.

ಕರಿಕೋಟು:
ಬಟ್ಟೆ, ಮಾಡು, ಮೊಗ್ಗು ಎಲ್ಲ ಆಯಿತು. ಮನುಷ್ಯರನ್ನೇ ಮುಚ್ಚಿಟ್ಟ ಪದವೊಂದನ್ನು ನಾನು ಸೇರಿಸುತ್ತೇನೆ. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ‘ಕವರ್ಚರ್’ ಎಂಬ ತತ್ವವಿತ್ತು. ಮದುವೆಯಾದ ಹೆಣ್ಣಿಗೆ ‘ಫೆಮ್ ಕವರ್ಟ್’ ಎನ್ನುತ್ತಿದ್ದರು, ಅಂದರೆ ಮುಚ್ಚಿದ ಹೆಂಗಸು. ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ 1765ರಲ್ಲಿ ವಿವರಿಸಿದಂತೆ, ಮದುವೆಯ ನಂತರ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಮತ್ತು ಆ ವ್ಯಕ್ತಿ ಗಂಡ. ಹೆಂಡತಿಯ ಕಾನೂನು ಅಸ್ತಿತ್ವ ಅವನ ರೆಕ್ಕೆಯ ಮರೆಯಲ್ಲಿ ಅಮಾನತಾಗುತ್ತಿತ್ತು. ಅವಳ ಹೆಸರಿನಲ್ಲಿ ಕರಾರು ಇಲ್ಲ, ದಾವೆ ಇಲ್ಲ, ದುಡಿದ ಹಣವೂ ಅವಳದಲ್ಲ. ಇದನ್ನು ರಕ್ಷಣೆ ಎಂದು ಬಣ್ಣಿಸಿದ್ದರು. 1870 ಮತ್ತು 1882ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಗಳು ಆ ಮುಸುಕನ್ನು ಹಂತಹಂತವಾಗಿ ತೆಗೆದವು.

ಭಾರತದಲ್ಲಿ ಅದೇ ಹೆಸರಿನ ಕಾಯಿದೆ 1874ರಲ್ಲಿ ಬಂತು, ಇಂದಿಗೂ ಜಾರಿಯಲ್ಲಿದೆ. ಅದರ 6ನೆಯ ಕಲಮಿನ ಪ್ರಕಾರ, ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಬರೆದು ವಿಮೆ ಮಾಡಿಸಿದರೆ ಆ ಹಣ ಅವರ ಹೆಸರಿನ ನ್ಯಾಸ, ಅಂದರೆ ಟ್ರಸ್ಟ್ ಆಗುತ್ತದೆ, ಗಂಡನಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ವಿಮಾ ಏಜೆಂಟರು ‘ಕವರ್ ಎಷ್ಟು ಬೇಕು ಮೇಡಂ’ ಎಂದು ಕೇಳುವಾಗ ನನಗೆ ಈ ಹಳೆಯ ಕವರ್ಚರ್ ನೆನಪಾಗದೆ ಇರುವುದಿಲ್ಲ.

ಕಡತಯಜ್ಞ:
ಕರಿಕೋಟು ಮೇಡಂ, ನಮ್ಮ ಕಚೇರಿಯಲ್ಲಿ ‘ಕವರ್’ ಎಂದರೆ ಲಕೋಟೆ. ಅದರೊಳಗೆ ಏನಿದೆ ಎಂದು ಕೇಳುವ ಹಾಗಿಲ್ಲ.

ಅಕ್ಷರಜೀವಿ:
ಎಲ್ಲರಿಗೂ ಧನ್ಯವಾದಗಳು. ಆದರೆ ನನ್ನ ಪಟ್ಟಿಯ ಪಾಲಂಪೋರ್, ಕೌಂಟರ್‌ಪೇನ್ ಮತ್ತು ಕ್ಯಾನೊಪಿ ಇನ್ನೂ ಹಾಗೆಯೇ ಉಳಿದಿವೆ. ದಯವಿಟ್ಟು ಯಾರಾದರೂ ಹಾಸಿಗೆಯ ಕಡೆಗೆ ಗಮನ ಹರಿಸಬೇಕು.

ಹಳೆಹೊತ್ತಿಗೆ:
ಪಾಲಂಪೋರ್ ಎಂಬುದು ಇಂಗ್ಲಿಷ್ ವೇಷ ತೊಟ್ಟ ನಮ್ಮದೇ ಪದ. ‘ಪಲಂಗ್’ ಎಂದರೆ ಮಂಚ, ಪಾರಸಿಯ ‘ಪೋಶ್’ ಎಂದರೆ ಮುಚ್ಚುವಂಥದ್ದು. ‘ಪಲಂಗ್‌ಪೋಶ್’ ಇಂಗ್ಲಿಷರ ನಾಲಿಗೆಯಲ್ಲಿ ಪಾಲಂಪೋರ್ ಆಯಿತು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಇದಕ್ಕೆ ಪ್ರತ್ಯೇಕ ನಮೂದಿದೆ. ಹುಕ್ಕಾದ ಚಿಲುಮೆಗೆ ಅಥವಾ ಬೋಗುಣಿಗೆ ಮುಚ್ಚುವ ‘ಸರ್‌ಪೋಶ್’ ಕೂಡ ಅಲ್ಲಿದೆ. ಅದೇ ‘ಪೋಶ್’ ಕನ್ನಡದ ಪಾಪಾಸಿನಲ್ಲಿದೆ; ಪಾದವನ್ನು ಮುಚ್ಚುವುದು ಪಾಪೋಶ್, ಅದರ ಅಟ್ಟೆಯನ್ನು ಹೋಲುವ ಗಿಡ ಪಾಪಾಸುಕಳ್ಳಿ.

ಪಾಲಂಪೋರ್ ಎಂಬುದು ಕೋರಮಂಡಲ ತೀರದಲ್ಲಿ ಕೈಯಿಂದ ಬಣ್ಣ ಬಿಡಿಸಿದ ಹತ್ತಿಯ ದೊಡ್ಡ ಮಂಚದ ಹಾಸು. ನಡುವೆ ಬಳುಕುವ ಮರ, ಅದರ ತುಂಬ ಕಲ್ಪನೆಯ ಹೂಗಳು. ಇಂಗ್ಲೆಂಡಿನ ಉಣ್ಣೆ ಮತ್ತು ರೇಷ್ಮೆಯ ನೇಕಾರರು ಇಂಥ ಭಾರತೀಯ ಬಟ್ಟೆಗಳ ವಿರುದ್ಧ ದೊಡ್ಡ ಗದ್ದಲ ಎಬ್ಬಿಸಿದರು. 1721ರ ಕಾಯಿದೆ ಬಣ್ಣ ಹಾಕಿದ ಹತ್ತಿಬಟ್ಟೆಯನ್ನು ಉಡುವುದನ್ನಷ್ಟೇ ಅಲ್ಲ, ಮಂಚಕ್ಕೆ ಕುರ್ಚಿಗೆ ಹೊದಿಸುವುದನ್ನೂ ನಿಷೇಧಿಸಿತು. 1774ರವರೆಗೆ ಆ ನಿಷೇಧ ಉಳಿಯಿತು. ಆದ್ದರಿಂದ ಅದನ್ನು ‘ಹಾಸಿಗೆಯ ಹೊದಿಕೆ’ ಎಂದು ಬರೆಯಬೇಡಿ, ‘ಪಲಂಗಪೋಸು’ ಎಂದು ಬರೆಯಿರಿ.

ಪದಪಂಕ್ತಿ:
ಕೌಂಟರ್‌ಪೇನ್ ಎಂಬುದಕ್ಕೆ ಕೌಂಟರಿನ ಸಂಬಂಧವಿಲ್ಲ. ‘ಹೊಲಿಗೆ ಚುಚ್ಚಿದ ಹಾಸಿಗೆ’ ಎಂಬ ಅರ್ಥದ ಲ್ಯಾಟಿನ್ ಮಾತು ಫ್ರೆಂಚಿನಲ್ಲಿ ತಿರುಚಿಕೊಂಡು, ಕೊನೆಗೆ ಬಟ್ಟೆ ಎಂಬ ಅರ್ಥದ ‘ಪೇನ್’ ಅಂಟಿಸಿಕೊಂಡು ಹೀಗಾಯಿತು. ‘ಕ್ವಿಲ್ಟ್’ ಕೂಡ ಅದೇ ಲ್ಯಾಟಿನ್ ಪದದ ಮೊದಲರ್ಧದಿಂದ ಬಂದದ್ದು. ಕ್ಯಾನೊಪಿಯ ಮೂಲ ಇನ್ನೂ ಸ್ವಾರಸ್ಯಕರ: ಗ್ರೀಕಿನಲ್ಲಿ ‘ಕೋನೋಪ್ಸ್’ ಎಂದರೆ ಸೊಳ್ಳೆ, ‘ಕೋನೋಪೆಯೋನ್’ ಎಂದರೆ ಸೊಳ್ಳೆಪರದೆ ಕಟ್ಟಿದ ಮಂಚ. ದೊರೆಗಳ ಸಿಂಹಾಸನದ ಮೇಲಿನ ಮೇಲ್ಕಟ್ಟು ಹುಟ್ಟಿನಲ್ಲಿ ಸೊಳ್ಳೆಪರದೆ!

ಈ ಹೊದಿಕೆಗಳ ಬೆಲೆಯನ್ನು ಇಂದಿನ ಕಣ್ಣಿನಿಂದ ಅಳೆಯಬಾರದು. ಷೇಕ್ಸ್‌ಪಿಯರ್ 1616ರ ಉಯಿಲಿನಲ್ಲಿ ಹೆಂಡತಿಗೆ ತನ್ನ ಎರಡನೆಯ ಉತ್ತಮ ಮಂಚವನ್ನು ‘ಫರ್ನಿಚರ್’ ಸಮೇತ ಬಿಟ್ಟುಹೋದ. ಅಲ್ಲಿ ಫರ್ನಿಚರ್ ಎಂದರೆ ಮೇಜು ಕುರ್ಚಿಗಳಲ್ಲ. ಮಂಚದ ಪರದೆ, ಮೇಲ್ಕಟ್ಟು, ಹಾಸು, ಹೊದಿಕೆಗಳು.

ಧಾರವಾಡದ ಮಳಿ:
ಎರಡನೆಯ ದರ್ಜೆಯ ಮಂಚ ಕೊಟ್ಟವನನ್ನು ಹೊಗಳುತ್ತಿದ್ದೀರಲ್ಲ, ಮೊದಲನೆಯದು ಯಾರಿಗೆ ಹೋಯಿತು?

ಪದಪಂಕ್ತಿ:
ಉಯಿಲಿನಲ್ಲಿ ಅದರ ಹೆಸರಿಲ್ಲ, ಮನೆಯ ಉಳಿದ ಸಾಮಾನಿನ ಜೊತೆ ಹಿರಿಯ ಮಗಳು ಅಳಿಯನಿಗೆ ಸೇರಿದೆ. ಮಂಚದ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ, ನಾವು ಬೇಡ.

ಹಂಪನಕಟ್ಟೆ ಹೊಲಿಗೆಯಂತ್ರ:
ಟಿಕ್ ಎಂದರೆ ಹತ್ತಿ ಅಥವಾ ಗರಿ ತುಂಬುವ ಹಾಸಿಗೆಯ ಚೀಲ. ಅದರ ಬಟ್ಟೆ ಟಿಕಿಂಗ್. ಗರಿಯ ಮೊನೆ ಹೊರಗೆ ಚುಚ್ಚದಂತೆ ಒತ್ತಾಗಿ ನೇಯುವ ಆ ಪಟ್ಟೆಪಟ್ಟೆಯ ಬಟ್ಟೆಯನ್ನು ನಮ್ಮ ಹಾಸಿಗೆ ಅಂಗಡಿಗಳಲ್ಲಿ ಎಲ್ಲರೂ ನೋಡಿದ್ದಾರೆ. ಅದಕ್ಕೆ ‘ಹಾಸಿಗೆಯ ಗವಸು’ ಎನ್ನಬಹುದು. ಗವಸು ಅಪ್ಪಟ ಮುಚ್ಚಿಗೆಯ ಪದ: ದಿಂಬಿನ ಗವಸು, ಕೈಗವಸು, ಮುಖಗವಸು. ಮನೆಯಲ್ಲಿ ನಮ್ಮಮ್ಮ ದಿಂಬಿಗೆ ‘ಗಲೀಪು’ ಎನ್ನುತ್ತಿದ್ದರು, ಅದು ಅರಬ್ಬಿಯ ‘ಗಿಲಾಫ್’. ದಿಂಬಿನ ಗವಸಿಗೆ ಇಂಗ್ಲಿಷಿನಲ್ಲಿ ಹಿಂದೆ ‘ಪಿಲೋಬಿಯರ್’ ಎಂಬ ಪದವಿತ್ತು. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಯಾತ್ರಿಕರಲ್ಲಿ ಪಾಪವಿಮೋಚನೆ ಮಾರುವ ಒಬ್ಬ ವಂಚಕನಿದ್ದಾನೆ. ಅವನು ಚೀಲದಲ್ಲಿ ಒಂದು ಪಿಲೋಬಿಯರ್ ಇಟ್ಟುಕೊಂಡು, ಅದು ಮಾತೆ ಮೇರಿಯ ಮುಸುಕು ಎಂದು ಭಕ್ತರನ್ನು ನಂಬಿಸುತ್ತಾನೆ.

ಅರಮನೆ ಬೀದಿ:
ಮೈಸೂರಿನವನಾಗಿ ಒಂದು ಪದ ಸೇರಿಸುತ್ತೇನೆ. ಇಂಗ್ಲೆಂಡಿನ ಕುದುರೆ ಸವಾರರು ಜೀನಿನ ಕೆಳಗೆ ಹಾಕುವ ಮೆತ್ತೆಗೆ ‘ನಮ್ನಾ’ ಎನ್ನುತ್ತಾರೆ. ಅದು ಉರ್ದುವಿನ ‘ನಮ್ದಾ’. ದಸರೆಯ ಜಂಬೂಸವಾರಿಯಲ್ಲಿ ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಕಟ್ಟುವ ಮೊದಲು ಆನೆಯ ಬೆನ್ನು ಉಜ್ಜಿಹೋಗದಂತೆ ನಮ್ದಾ ಹಾಕಿ, ಅದರ ಮೇಲೆ ಗಾದಿ ಕಟ್ಟುತ್ತಾರೆ. ಮಾವುತರ ಬಾಯಲ್ಲಿ ಆ ಪದ ಇನ್ನೂ ಹಾಗೆಯೇ ಇದೆ. ಇಂಗ್ಲಿಷ್ ನಿಘಂಟು ಸೇರಿದ ಆ ಪದ ನಮ್ಮೂರಿನಲ್ಲಿ ಪ್ರತಿವರ್ಷ ಬೀದಿಗೆ ಬರುತ್ತದೆ.

ಅಕ್ಷರಜೀವಿ:
ಸದ್ಯಕ್ಕೆ ಹೀಗೆ ನಿರ್ಧರಿಸಿದ್ದೇನೆ: ಪಾಲಂಪೋರಿಗೆ ಪಲಂಗಪೋಸು, ಟಿಕ್‌ಗೆ ಹಾಸಿಗೆಯ ಗವಸು, ಕ್ಯಾನೊಪಿಗೆ ಮೇಲ್ಕಟ್ಟು, ಕೌಂಟರ್‌ಪೇನ್‌ಗೆ ಹೊಲಿಗೆಯ ಮೇಲುಹಾಸು. ಆಂಟಿಮೆಕಾಸರ್ ಮಾತ್ರ ತನ್ನ ಎಣ್ಣೆಯ ಕಥೆಯ ಸಮೇತ ಹಾಗೆಯೇ ಉಳಿಯುತ್ತದೆ. ಬೆಲೆಬಾಳುವ ಕಾರ್ಪೆಟ್ಟಿನ ಮೇಲೆ, ಅದು ಸವೆಯದಿರಲೆಂದು ಹಾಸುತ್ತಿದ್ದ ಒರಟು ಉಣ್ಣೆಯ ಡ್ರಗೆಟ್ಟಿಗೆ ‘ಜಮಖಾನೆ’ ಎಂದು ಬರೆಯಲಿದ್ದೇನೆ.

ಧಾರವಾಡದ ಮಳಿ:
ಇಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ನಮ್ಮ ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನವಿಲು, ಪಗಡೆಹಾಸುಗಳನ್ನು ಮೂಡಿಸಿ ನೇಯುವ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದನ್ನು ಮತ್ತೊಂದು ಹಾಸಿನ ರಕ್ಷಣೆಗೆ ಯಾರೂ ಹಾಸುವುದಿಲ್ಲ, ಬೀಗರು ಬಂದಾಗ ಎಲ್ಲಕ್ಕಿಂತ ಮೇಲೆ ಹಾಸುತ್ತಾರೆ. ಡ್ರಗೆಟ್ಟಿಗೆ ‘ಗೋಣಿತಟ್ಟು’ ಎಂದು ಬರೆಯಿರಿ.

ಹಳೆಹೊತ್ತಿಗೆ:
ಗೋಣಿ ಸೆಣಬಿನದು, ಡ್ರಗೆಟ್ ಉಣ್ಣೆಯದು. ‘ಕಂಬಳಿಹಾಸು’ ಎನ್ನಿ, ಇಬ್ಬರ ಮಾನವೂ ಉಳಿಯುತ್ತದೆ.

ಧಾರವಾಡದ ಮಳಿ:
ಕಂಬಳಿಯನ್ನು ತುಳಿಯುತ್ತಾರೆಯೇ? ಹಾಲುಮತದವರು ಓದಿದರೆ ಏನೆನ್ನುತ್ತಾರೆ? ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ: ಹಾಗೆಯೇ ಉಳಿಸಿ, ಅಡಿಟಿಪ್ಪಣಿ ಕೊಡಿ.